ನಮ್ಮ ಬಳಗದ ತಾಣದಿಂದ ಬೀಗ ಹಾಕಿದ ಸ್ಕ್ರಿಪ್ಟುಗಳನ್ನು ಕಿತ್ತದ್ದು ಹೀಗೆ

ಮಡಿಕೇರಿಯ ಒಂದು ಶಾಲೆಯ ಹಾಲ್‌ನಲ್ಲಿ ನಮ್ಮ ಸ್ವತಂತ್ರ ತಂತ್ರಾಂಶ ಬಳಗದ ಇನ್‌ಸ್ಟಾಲ್ ಶಿಬಿರ ನಡೆದಿತ್ತು. ಕಾಫಿ ಗಿಡದ ಹೂಮಳೆ ಮುಗಿದಿತ್ತು, ಮುಂಗಾರು ಇನ್ನೂ ದೂರವಿತ್ತು. ರಿಟೈರ್ಡ್ ಟೀಚರ್ ಒಬ್ಬರು ಹಳೇ ಲ್ಯಾಪ್‌ಟಾಪ್ ಹಿಡಿದು ಬಂದಿದ್ದರು. ಡೆಬಿಯನ್ ಎಂಬ ಲಿನಕ್ಸ್ ಹಾಕಿದೆವು, ಕನ್ನಡ ಕೀಬೋರ್ಡ್ ಕೂರಿಸಿದೆವು. ನಮ್ಮ ಹುಡುಗನೊಬ್ಬ ಹುರುಪಿನಲ್ಲಿ ಫೈರ್‌ಫಾಕ್ಸ್‌ಗೆ ನೋಸ್ಕ್ರಿಪ್ಟ್ ಕೂಡ ಸೇರಿಸಿ, "ಟೀಚರ್, ಮೊದಲು ನಮ್ಮ ತಾಣವನ್ನೇ ತೆಗೀರಿ" ಅಂದ. ತೆಗೆದರು. ಬರೀ ಬಿಳಿ ಹಾಳೆ. ನೋಸ್ಕ್ರಿಪ್ಟ್ ಅಂದರೆ ಗೊತ್ತಲ್ಲ, ನೀವು ಒಪ್ಪಿಗೆ ಕೊಡುವವರೆಗೆ ಯಾವ ತಾಣದ ಸ್ಕ್ರಿಪ್ಟನ್ನೂ, ಅಂದರೆ ಪುಟದ ಜೊತೆ ಬರುವ ಪುಟ್ಟ ಪ್ರೋಗ್ರಾಂಗಳನ್ನು, ಓಡಲು ಬಿಡುವುದಿಲ್ಲ. ನಮ್ಮ ತಾಣದಲ್ಲೋ ಸ್ಕ್ರಿಪ್ಟ್ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಟೀಚರ್ ಕನ್ನಡಕ ಸರಿಮಾಡಿಕೊಂಡು, "ಏನಪ್ಪ, ನೀವು ಹಾಕಿಕೊಟ್ಟ ಕಂಪ್ಯೂಟರ್‌ನಲ್ಲಿ ನಿಮ್ಮ ಮನೆ ಬಾಗಿಲೇ ತೆರೆಯಲ್ವಲ್ಲ?" ಅಂದರು.

ನಾನು ಸುಂಟಿಕೊಪ್ಪದಲ್ಲಿ ಹದಿನೇಳು ವರ್ಷ ಡಿಟಿಪಿ ಅಂಗಡಿ ನಡೆಸಿದವಳು. ಮದುವೆ ಕಾಗದ, ಹುತ್ತರಿ ಹಬ್ಬದ ಕರಪತ್ರ, ತೋಟದ ಆಳುಗಳ ಹಾಜರಿ, ಕೂಲಿ ಬರೆಯುವ ಚೆಕ್‌ರೋಲ್ ಪುಸ್ತಕ, ಹೀಗೆ. ಅಂಗಡಿ ಮುಚ್ಚಿದ ಮೇಲೆ ಬಳಗದ ತಾಣ ನೋಡಿಕೊಳ್ಳುವ ಕೆಲಸ ನನ್ನ ಕುತ್ತಿಗೆಗೆ ಬಿತ್ತು. ಅಂದು ರಾತ್ರಿ ಕೂತು ನೋಡಿದರೆ, ತಪ್ಪು ಒಬ್ಬರದ್ದಲ್ಲ. ಒಬ್ಬರು ಮ್ಯಾಪ್ ಅಂಟಿಸಿದ್ದರು, ಇನ್ನೊಬ್ಬರು ಫಾರ್ಮ್, ಮತ್ತೊಬ್ಬರು ಎಣಿಕೆ ಯಂತ್ರ. ತಾಣವನ್ನೇ ಮೌಸಿನಲ್ಲಿ ಎಳೆದು ತಂದು ಪುಟ ಜೋಡಿಸುವ ಯಾವುದೋ ಸೇವೆಯಲ್ಲಿ ಕಟ್ಟಿದ್ದೆವು. ಸ್ವತಂತ್ರ ತಂತ್ರಾಂಶ ಬಳಸಿ ಎಂದು ಹೇಳುವ ಪುಟವನ್ನು ಓದಬೇಕಾದರೆ ಮೊದಲು ಹತ್ತಾರು ಮುಚ್ಚಿದ ಪ್ರೋಗ್ರಾಂಗಳನ್ನು ಓಡಿಸಿ ಬನ್ನಿ ಅಂದಂತಿತ್ತು.

"ಅಕ್ಕ, ಅವೆಲ್ಲ ಫ್ರೀ ತಾನೇ?" ಅಂತ ಕೇಳಿದವರಿದ್ದಾರೆ. ಬಿಟ್ಟಿ ಸಿಗುವುದು ಬೇರೆ, ಸ್ವತಂತ್ರವಾಗಿರುವುದು ಬೇರೆ. ಕನ್ನಡದಲ್ಲಿ ಅದಕ್ಕೆ ಎರಡು ಪದ ಇರುವುದೇ ನಮ್ಮ ಪುಣ್ಯ. ಬ್ರೌಸರ್‌ಗೆ ಬಂದು ಓಡುವ ಸ್ಕ್ರಿಪ್ಟ್ ಕೂಡ ನಿಮ್ಮ ಕಂಪ್ಯೂಟರ್‌ನಲ್ಲಿ ಓಡುವ ಪ್ರೋಗ್ರಾಂ ತಾನೇ? ಅದರ ಮೂಲವನ್ನು ಓದುವಂತಿಲ್ಲ, ತಿದ್ದುವಂತಿಲ್ಲ ಎಂದರೆ ಅದೂ ಸ್ವಾಮ್ಯದ ತಂತ್ರಾಂಶವೇ ಎಂದು ಸ್ವತಂತ್ರ ತಂತ್ರಾಂಶ ಚಳವಳಿ ಶುರುಮಾಡಿದ ರಿಚರ್ಡ್ ಸ್ಟಾಲ್‌ಮನ್ 2009ರಲ್ಲೇ ಎಚ್ಚರಿಸಿದ್ದರು. ನಮಗೆ ಅದು ತಲೆಗೆ ಹೋಗಲು ಟೀಚರ್ ಬರಬೇಕಾಯಿತು.

ಕನ್ನಡದವರು ಈ ಪಾಠಕ್ಕೆ ಒಮ್ಮೆ ಫೀಸು ಕಟ್ಟಿದ್ದೂ ಆಗಿದೆ. ನಾನು ಡಿಟಿಪಿ ಶುರುಮಾಡಿದ ಕಾಲದಲ್ಲಿ ಎಷ್ಟೋ ಕನ್ನಡ ತಾಣಗಳು ಪುಟದ ಜೊತೆಗೇ ಇಳಿದು ಬರುವ ಡೈನಾಮಿಕ್ ಫಾಂಟ್‌ನಲ್ಲಿ ಬರುತ್ತಿದ್ದವು. ಇಒಟಿ ಎಂಬ ಆ ಫಾಂಟ್ ರೂಪ ತೆರೆಯುತ್ತಿದ್ದದ್ದು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ. ಲಿನಕ್ಸ್‌ನಲ್ಲಿ ತೆಗೆದರೆ ಕನ್ನಡದ ಜಾಗದಲ್ಲಿ ಅಡ್ಡಾದಿಡ್ಡಿ ರೋಮನ್ ಅಕ್ಷರಗಳ ಸಂತೆ. ಯೂನಿಕೋಡ್ ಎಂಬ ಎಲ್ಲರಿಗೂ ಒಂದೇ ಆದ ಅಕ್ಷರ ಸಂಕೇತ ನೆಲೆಯೂರಿದ ಮೇಲೆ ಆ ಹಳೇ ಪುಟಗಳನ್ನು ಪರಿವರ್ತಿಸಲು ಎಷ್ಟು ಜನ ಎಷ್ಟು ರಾತ್ರಿ ಕಳೆದಿದ್ದಾರೋ. ಪುಟದಲ್ಲಿ ಚಲಿಸುವ ಚಿತ್ರ ತೋರಿಸುತ್ತಿದ್ದ ಫ್ಲಾಶ್ ಕಥೆಯೂ ಹಾಗೇ. 2020ರ ಡಿಸೆಂಬರ್ 31ಕ್ಕೆ ಅಡೋಬಿ ಅದಕ್ಕೆ ಎಳ್ಳುನೀರು ಬಿಟ್ಟಿತು, 2021ರ ಜನವರಿ 12ರಿಂದ ಪ್ಲೇಯರ್ ಏನನ್ನೂ ಓಡಿಸುವುದನ್ನೇ ನಿಲ್ಲಿಸಿತು. ನಮ್ಮ ತಾಣದ ಮೂಲೆಯಲ್ಲಿ ಹುತ್ತರಿ ಶುಭಾಶಯದ ಫ್ಲಾಶ್ ಚಿತ್ರವೊಂದು ಬೂದು ಚೌಕವಾಗಿ ಆಮೇಲೂ ಕೂತಿತ್ತು. ಯಾರೂ ಗಮನಿಸಿರಲಿಲ್ಲ.

ಮೊದಲು ಪಟ್ಟಿ

ಕೀಳುವುದಕ್ಕೆ ಮುಂಚೆ ಎಣಿಸಿ. ಫೈರ್‌ಫಾಕ್ಸ್‌ನಲ್ಲಿ ಖಾಸಗಿ ಕಿಟಕಿ ತೆಗೆದು, ಕಂಟ್ರೋಲ್, ಶಿಫ್ಟ್, ಇ ಮೂರನ್ನೂ ಒಟ್ಟಿಗೆ ಒತ್ತಿ. ಕೆಳಗೆ ನೆಟ್‌ವರ್ಕ್ ಪಟ್ಟಿ ತೆರೆಯುತ್ತದೆ. ಈಗ ನಿಮ್ಮ ಮುಖಪುಟವನ್ನು ಮತ್ತೆ ಲೋಡ್ ಮಾಡಿ. ಡೊಮೇನ್ ಎಂಬ ಕಾಲಂ ನೋಡುತ್ತಾ ಹೋಗಿ, ನಿಮ್ಮ ತಾಣದ ಹೆಸರಲ್ಲದೆ ಬೇರೆ ಯಾವ ಹೆಸರು ಕಂಡರೂ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಮುಖಪುಟ ಒಂದೇ ಸಾಲದು. ಸಂಪರ್ಕದ ಪುಟ, ಶಿಬಿರದ ಪುಟ, ಹಳೇ ಫೋಟೋ ಪುಟ ಎಲ್ಲವನ್ನೂ ತೆಗೆದು ನೋಡಬೇಕು, ಕಳ್ಳ ಅಡಗುವುದೇ ಹಳೇ ಪುಟದಲ್ಲಿ. ನಮ್ಮಲ್ಲಿ ಹದಿನಾಲ್ಕು ಹೊರಗಿನ ಹೆಸರು ಸಿಕ್ಕವು. ಬಳಗದಲ್ಲಿ ಇರುವುದೇ ಹನ್ನೊಂದು ಜನ.

ಪ್ರತಿ ಹೆಸರಿನ ಮುಂದೆ ಮೂರು ಪ್ರಶ್ನೆ. ಆ ಕೋಡ್‌ನ ಲೈಸೆನ್ಸ್ ಏನು? ಅದು ಬರುತ್ತಿರುವುದು ಯಾರ ಸರ್ವರ್‌ನಿಂದ? ಅದಿಲ್ಲದಿದ್ದರೆ ಏನು ನಿಲ್ಲುತ್ತದೆ? ಮೊದಲಿನ ಎರಡನ್ನು ಜನ ಕಲಸುತ್ತಾರೆ. ಜೇಕ್ವೆರಿ ಎಂಬ ಸ್ಕ್ರಿಪ್ಟ್ ಸಂಗ್ರಹ ಎಂಐಟಿ ಲೈಸೆನ್ಸ್‌ನಲ್ಲಿರುವ ಸ್ವತಂತ್ರ ತಂತ್ರಾಂಶ, ಅದರ ಮೇಲೆ ತಕರಾರಿಲ್ಲ. ಆದರೆ ಅದನ್ನು ಬೇರೆಯವರ ಸರ್ವರ್‌ನಿಂದ ತರಿಸಿದರೆ, ನಿಮ್ಮ ಪುಟಕ್ಕೆ ಯಾರು ಬಂದರೆಂಬ ಸುದ್ದಿ ಅವರಿಗೂ ಹೋಗುತ್ತದೆ. ಅದಕ್ಕೆ ಮದ್ದು ಸುಲಭ: ಫೈಲನ್ನು ಇಳಿಸಿಕೊಂಡು, ಲೈಸೆನ್ಸ್ ಸಾಲುಗಳನ್ನು ಅಳಿಸದೆ, ನಿಮ್ಮ ಸರ್ವರ್‌ನಲ್ಲೇ ಇಡಿ. ನಮ್ಮ ಹದಿನಾಲ್ಕರಲ್ಲಿ ನಾಲ್ಕು ಹೀಗೇ ಹೋದವು. ಉಳಿದದ್ದರಲ್ಲಿ ಮೂರು ಏನು ಮಾಡುತ್ತಿವೆ ಎಂದು ಬಳಗದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕಿತ್ತೆ, ಏನೂ ನಿಲ್ಲಲಿಲ್ಲ.

ಕಟ್ಟುವ ಸೇವೆಯನ್ನಂತೂ ಬಿಟ್ಟೇಬಿಟ್ಟೆವು. ಬರೀ ಎಚ್‌ಟಿಎಂಎಲ್ ಪುಟಗಳನ್ನು ಹ್ಯೂಗೋ ಎಂಬ ಪ್ರೋಗ್ರಾಂನಿಂದ ತಯಾರಿಸಿ ಹಾಕುತ್ತೇವೆ. ಹನ್ನೆರಡು ಪುಟದ ತಾಣಕ್ಕೆ ಡೇಟಾಬೇಸ್ ಯಾಕೆ ಬೇಕಿತ್ತು ಅಂತ ಈಗ ನಗು ಬರುತ್ತದೆ.

ಫಾಂಟ್: ಇಲ್ಲಿ ಸ್ವಲ್ಪ ನಿಧಾನ

ಕನ್ನಡ ತಾಣಕ್ಕೆ ಇದೇ ಮುಖ್ಯ, ನನ್ನ ಕಸುಬೂ ಇದೇ, ಹಾಗಾಗಿ ಉದ್ದ ಆದರೆ ಬೇಸರಪಡಬೇಡಿ.

ಗೂಗಲ್ ಫಾಂಟ್ಸ್‌ನಲ್ಲಿರುವ ನೋಟೋ ಸೆರಿಫ್ ಕನ್ನಡ, ಬಾಲೂ ತಮ್ಮ ಮುಂತಾದವು ಓಪನ್ ಫಾಂಟ್ ಲೈಸೆನ್ಸ್‌ನಲ್ಲಿವೆ. ಅಂದರೆ ಫಾಂಟ್ ಸ್ವತಂತ್ರ, ತೊಡಕಿರುವುದು ಅದು ಬರುವ ದಾರಿಯಲ್ಲಿ. ಅವರ ಸರ್ವರ್‌ನಿಂದ ನೇರ ತರಿಸಿದರೆ ಓದುಗರ ಐಪಿ ವಿಳಾಸ ಅಲ್ಲಿಗೆ ತಲುಪುತ್ತದೆ. 2022ರ ಜನವರಿಯಲ್ಲಿ ಜರ್ಮನಿಯ ಮ್ಯೂನಿಕ್‌ನ ಕೋರ್ಟೊಂದು ಇದೇ ಕಾರಣಕ್ಕೆ ತಾಣವೊಂದರ ಮಾಲೀಕರು ಓದುಗನಿಗೆ 100 ಯೂರೋ ಪರಿಹಾರ ಕೊಡಬೇಕೆಂದು ಹೇಳಿತ್ತು. ಫಾಂಟ್ ಇಳಿಸಿಕೊಂಡು ನಮ್ಮಲ್ಲೇ ಇಡಲು ಲೈಸೆನ್ಸ್ ಒಪ್ಪುತ್ತದೆ, ಮತ್ತೇಕೆ ತಡ?

ಇಳಿಸಿಕೊಂಡ ಟಿಟಿಎಫ್ ಫಾಂಟ್ ಫೈಲನ್ನು ಹಾಗೇ ಹಾಕಬೇಡಿ, ಭಾರ. ಫಾಂಟ್‌ಟೂಲ್ಸ್ ಎಂಬ ಪೈಥಾನ್ ಸಾಧನದಲ್ಲಿ ಪೈ-ಎಫ್‌ಟಿ-ಸಬ್‌ಸೆಟ್ ಅಂತ ಇದೆ. ಬೇಕಾದ ಅಕ್ಷರಗಳನ್ನಷ್ಟೇ ಉಳಿಸಿ, ವೆಬ್‌ಗೆಂದೇ ಹಿಂಡಿ ಚಿಕ್ಕದು ಮಾಡಿದ ವೋಫ್2 ರೂಪಕ್ಕೆ ತರುತ್ತದೆ. ಇಂಗ್ಲಿಷ್ ತಾಣದವರು ಬರೆದ ಸೂಚನೆ ನೋಡಿ ಮಾಡಿದರೆ ಕನ್ನಡ ಕೆಡುತ್ತದೆ. ನಾನು ಕೆಡಿಸಿದ್ದೇನೆ. ಯೂನಿಕೋಡ್‌ನಲ್ಲಿ ಕನ್ನಡದ ಜಾಗ 0ಸಿ80ರಿಂದ 0ಸಿಎಫ್ಎಫ್‌ವರೆಗೆ. ಅಷ್ಟನ್ನೇ ಕೊಟ್ಟು ಸಬ್‌ಸೆಟ್ ಮಾಡಿದೆ. ಅಕ್ಷರಗಳೇನೋ ಬಂದವು. ಆದರೆ ಹೊರಗಿನ ಪದಗಳಿಗೆ, ಕೆಲವು ರಕಾರದ ರೂಪಗಳಿಗೆ ನಾವು ನಡುವೆ ಕಾಣದ ಬಿಡಕ, ಜೋಡಕಗಳನ್ನು (ZWNJ, ZWJ) ಹಾಕುತ್ತೇವಲ್ಲ, ಅವು 200ಸಿ ಮತ್ತು 200ಡಿ, ಕನ್ನಡದ ಜಾಗದ ಹೊರಗಿವೆ. ಅವನ್ನು ಬಿಟ್ಟಿದ್ದರಿಂದ ಕೆಲವು ಬ್ರೌಸರ್‌ಗಳಲ್ಲಿ "ಸಾಫ್ಟ್‌ವೇರ್" ಎಂಬ ಪದ ಎರಡು ಫಾಂಟಿನಲ್ಲಿ ತುಂಡಾಗಿ ಕಂಡಿತು. ಆ ಎರಡನ್ನೂ, ಜೊತೆಗೆ ಚುಕ್ಕೆ ವೃತ್ತದ 25ಸಿಸಿ, ಮಾಮೂಲಿ ಅಂಕಿ ಮತ್ತು ಲೇಖನ ಚಿಹ್ನೆಗಳನ್ನು ಸೇರಿಸಿ. ಇನ್ನೊಂದು, ಲೇಔಟ್ ಫೀಚರ್ಸ್ ಎಂಬ ಆಯ್ಕೆಗೆ ನಕ್ಷತ್ರ ಚಿಹ್ನೆ ಕೊಡಿ, ಅಂದರೆ ಎಲ್ಲವನ್ನೂ ಉಳಿಸು ಎಂದು. ಒತ್ತಕ್ಷರ ಕೂರಿಸುವ ಲೆಕ್ಕವೆಲ್ಲ ಆ ಫೀಚರ್‌ಗಳಲ್ಲೇ ಇರುವುದು. ಅದರಲ್ಲಿ ಉಳಿತಾಯ ಮಾಡಲು ಹೋಗಬೇಡಿ.

ಆಮೇಲೆ ಸ್ಟೈಲ್ ಫೈಲಿನಲ್ಲಿ ಫಾಂಟ್ ಡಿಸ್‌ಪ್ಲೇಗೆ ಸ್ವಾಪ್ ಎಂದು ಬರೆಯಿರಿ. ಫಾಂಟ್ ಬರುವವರೆಗೆ ಫೋನಿನಲ್ಲಿರುವ ಕನ್ನಡದಲ್ಲೇ ಪುಟ ಕಾಣುತ್ತದೆ. ನಮ್ಮ ಕಡೆ ಜುಲೈ ಮಳೆಯಲ್ಲಿ ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಒಂದು ಕಡ್ಡಿ ಸಿಗ್ನಲ್ ಹಿಡಿದು ಅಂಗಳದ ಮೂಲೆಯಲ್ಲಿ ನಿಂತವರಿಗೆ ಅಂದದ ಅಕ್ಷರಕ್ಕಿಂತ ಓದಲು ಬರುವ ಅಕ್ಷರ ಮುಖ್ಯ. ಗುಬ್ಬಿ, ನವಿಲು ಎಂಬ ಸ್ವತಂತ್ರ ಫಾಂಟ್‌ಗಳೂ ಇವೆ. ನಾನು ಶೀರ್ಷಿಕೆಗೆ ನವಿಲು ಹಾಕಿದ್ದೇನೆ, ಅದು ನನ್ನ ಮೋಹ.

ಮ್ಯಾಪ್

ಶಿಬಿರದ ಜಾಗ ತೋರಿಸಲು ಪುಟದೊಳಗೆ ಓಡಾಡುವ ಮ್ಯಾಪ್ ಬೇಕಿಲ್ಲ. ಜನರೇ ಸೇರಿ ಬರೆಯುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯಿಂದ ಬೇಕಾದಷ್ಟು ಜಾಗವನ್ನು ಚಿತ್ರವಾಗಿ ಇಳಿಸಿಕೊಂಡು ಹಾಕಿ, ಕೆಳಗೆ "© ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರು" ಎಂದು ಬರೆದು ಅವರ ಹಕ್ಕಿನ ಪುಟಕ್ಕೆ ಕೊಂಡಿ ಕೊಡಿ. ಹಾಗೆ ಹೆಸರು ಹೇಳುವುದು ಲೈಸೆನ್ಸ್‌ನ ಷರತ್ತು, ಮರ್ಯಾದೆಯ ಮಾತಷ್ಟೇ ಅಲ್ಲ. ಅಲುಗಾಡುವ ಮ್ಯಾಪೇ ಬೇಕೆಂದು ಹಟ ಹಿಡಿದರೆ ಲೀಫ್‌ಲೆಟ್ ಎಂಬ ಸ್ವತಂತ್ರ ಸ್ಕ್ರಿಪ್ಟ್ ಇದೆ, ಅದನ್ನೂ ನಿಮ್ಮ ಸರ್ವರ್‌ನಲ್ಲಿಟ್ಟು ಬಳಸಿ. ಚಿತ್ರದ ಕೆಳಗೆ ಜಿಯೋ ಎಂದು ಶುರುವಾಗುವ ಕೊಂಡಿ ಕೊಟ್ಟರೆ, ಓಸ್ಮ್ಆಂಡ್‌ನಂಥ ಆಪ್ ಇರುವವರ ಫೋನಿನಲ್ಲಿ ನೇರ ಅದರೊಳಗೆ ತೆರೆಯುತ್ತದೆ, ಮೊದಲೇ ನಕ್ಷೆ ಇಳಿಸಿಕೊಂಡಿದ್ದರೆ ಇಂಟರ್ನೆಟ್ಟೂ ಬೇಡ.

ಇನ್ನೊಂದು ಮಾತು. ನಕ್ಷೆ ತಪ್ಪಿದ್ದರೆ ನಾವೇ ತಿದ್ದಬಹುದು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿಹೋದದ್ದು ಯಾರಿಗೂ ಮರೆತಿಲ್ಲ. ರಸ್ತೆ ಎಲ್ಲಿದೆ, ಎಲ್ಲಿಲ್ಲ ಎಂದು ಬರೆಯುವ ಪೆನ್ನು ಊರಿನವರ ಕೈಯಲ್ಲಿದ್ದರೆ ಎಷ್ಟು ಒಳ್ಳೆಯದು ಅಂತ ಆಗ ಅನ್ನಿಸಿತ್ತು. ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಅಣ್ಣ ಭಾನುವಾರ ಭಾನುವಾರ ಕೂತು ತೋಟದ ನಡುವಿನ ಜೀಪ್ ರಸ್ತೆಗಳನ್ನು ಸೇರಿಸುತ್ತಿದ್ದಾರೆ. ಮ್ಯಾಪ್ ಚಿತ್ರದ ಜೊತೆಗೆ "ಬಸ್‌ಸ್ಟ್ಯಾಂಡಿನಿಂದ ಇಳಿದು ಬಲಕ್ಕೆ" ಎಂದು ಎರಡು ಸಾಲು ಬರೆಯಲು ಮರೆಯಬೇಡಿ. ಕಾಣದವರು ಸ್ಕ್ರೀನ್ ರೀಡರ್‌ನಲ್ಲಿ ಕೇಳಿಸಿಕೊಳ್ಳುವುದು ಆ ಎರಡು ಸಾಲನ್ನೇ.

ಎಣಿಕೆ ಯಂತ್ರ

ಇದು ಬೇಗ ಮುಗಿಯುತ್ತದೆ. ಎಷ್ಟು ಜನ ಬಂದರು ಎಂದು ಎಣಿಸುವ ಮುಚ್ಚಿದ ಸ್ಕ್ರಿಪ್ಟ್ ನಮ್ಮಲ್ಲಿತ್ತು. ಮೀಟಿಂಗ್‌ನಲ್ಲಿ, ಇದರ ಲೆಕ್ಕವನ್ನು ಕೊನೆಗೆ ನೋಡಿದ್ದು ಯಾರು, ಯಾವಾಗ ಎಂದು ಕೇಳಿದೆ. ಎಲ್ಲರೂ ಕಾಫಿ ಲೋಟ ನೋಡಿದರು. ಕಿತ್ತೆವು. ನಿಮಗೆ ಲೆಕ್ಕ ನಿಜಕ್ಕೂ ಬೇಕೆಂದರೆ ಸರ್ವರ್ ಹೇಗಿದ್ದರೂ ಲಾಗ್ ಬರೆಯುತ್ತಿರುತ್ತದೆ, ಗೋಆಕ್ಸೆಸ್ ಎಂಬ ಪುಟ್ಟ ಪ್ರೋಗ್ರಾಂ ಅದನ್ನು ಓದಿ ಅಚ್ಚುಕಟ್ಟಾಗಿ ತೋರಿಸುತ್ತದೆ, ಓದುಗರ ಕಡೆ ಏನನ್ನೂ ಓಡಿಸದೆ. ಅದೂ ಸಾಲದು ಎನ್ನುವ ದೊಡ್ಡವರಿಗೆ ಮಟೋಮೋ ಎಂಬ ಸ್ವತಂತ್ರ ಎಣಿಕೆ ತಂತ್ರಾಂಶ ಇದೆ. 2018ರ ಮೊದಲು ಅದರ ಹೆಸರು ಪಿವಿಕ್.

ಫಾರ್ಮ್, ಮತ್ತು "ನೀವು ಮನುಷ್ಯರೇ?"

ಶಿಬಿರಕ್ಕೆ ಹೆಸರು ಕೊಡುವ ಫಾರ್ಮ್ ಯಾವುದೋ ದೊಡ್ಡ ಕಂಪನಿಯದ್ದಾಗಿತ್ತು. ಜನರ ಹೆಸರು, ಫೋನ್ ನಂಬರ್, ಯಾವ ಊರು, ಯಾವ ಕಂಪ್ಯೂಟರ್ ಎಲ್ಲ ಅಲ್ಲಿ ಬಿದ್ದಿತ್ತು. ಮೂವತ್ತು ಜನ ಬರುವ ಶಿಬಿರಕ್ಕೆ ಮಾಮೂಲಿ ಎಚ್‌ಟಿಎಂಎಲ್ ಫಾರ್ಮ್, ಅದರ ಹಿಂದೆ ಸರ್ವರ್‌ನಲ್ಲಿ ಮಾಹಿತಿಯನ್ನು ಫೈಲಿಗೆ ಬರೆಯುವ ಕೆಲವೇ ಸಾಲು ಪಿಎಚ್‌ಪಿ ಸಾಕು. ಫೈಲನ್ನು ಹೊರಗಿನಿಂದ ತೆರೆಯಲಾಗದ ಫೋಲ್ಡರ್‌ನಲ್ಲಿಡಿ, ಶಿಬಿರ ಮುಗಿದ ವಾರಕ್ಕೆ ಅಳಿಸಿ. ದೊಡ್ಡ ಸಮೀಕ್ಷೆಯಾದರೆ ಲೈಮ್‌ಸರ್ವೇ ಅಥವಾ ಕ್ರಿಪ್ಟ್‌ಪ್ಯಾಡ್ ಎಂಬ ಸ್ವತಂತ್ರ ಸಾಧನಗಳನ್ನು ನೋಡಿ.

ಫಾರ್ಮ್ ತುಂಬುತ್ತಿರುವುದು ಮನುಷ್ಯರೋ, ಬಾಟ್ ಎಂಬ ತಾನೇ ತುಂಬುವ ಪ್ರೋಗ್ರಾಮೋ ಎಂದು ಪರೀಕ್ಷಿಸುವ ಕ್ಯಾಪ್ಚಾ ತೆಗೆದ ಕಥೆ ಹೇಳಲೇಬೇಕು. ನಮ್ಮಲ್ಲಿದ್ದ ರೀಕ್ಯಾಪ್ಚಾ ಹುಟ್ಟಿದ್ದು 2007ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ, 2009ರಲ್ಲಿ ಗೂಗಲ್ ಕೊಂಡುಕೊಂಡಿತು. ಮೊದಲು ಜನರಿಂದ ಹಳೇ ಪುಸ್ತಕದ, ಪತ್ರಿಕೆಯ ಮಸುಕು ಪದ ಓದಿಸಿಕೊಂಡರು. ಆಮೇಲೆ ಚಿತ್ರ ಬಂತು: ಬಸ್ಸು ಆರಿಸಿ, ಜೀಬ್ರಾ ಕ್ರಾಸಿಂಗ್ ಆರಿಸಿ, ಬೆಂಕಿ ನಂದಿಸಲು ರಸ್ತೆ ಬದಿಯಲ್ಲಿ ನೆಟ್ಟ ಕೆಂಪು ನಲ್ಲಿ ಆರಿಸಿ. ಆ ನಲ್ಲಿಯನ್ನು ಸಿದ್ದಾಪುರದ ಅಜ್ಜಿ ಎಲ್ಲಿ ನೋಡಿರುತ್ತಾರೆ? ತೆಗೆದು, ನಮ್ಮದೇ ಪ್ರಶ್ನೆ ಇಟ್ಟೆ: ಕಾವೇರಿ ಹುಟ್ಟುವುದು ಎಲ್ಲಿ? ಸ್ಪ್ಯಾಮ್ ಪೂರ್ತಿ ನಿಂತಿತು. ಜನರೂ ನಿಂತರು. ಒಬ್ಬರು ತಲಕಾವೇರಿ ಅಂತ ಬರೆದರು, ಒಬ್ಬರು ತಲೆಕಾವೇರಿ, ಇನ್ನೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ, ಮತ್ತೊಬ್ಬರು ಬ್ರಹ್ಮಗಿರಿ. ಎಲ್ಲವೂ ಸರಿಯೇ, ಆದರೆ ಪ್ರೋಗ್ರಾಂ ಒಪ್ಪಿದ್ದು ಒಂದನ್ನು ಮಾತ್ರ. ಈಗ ಕೇಳುವುದು ಇಷ್ಟೇ, ಒಂದು ಕೈಯಲ್ಲಿ ಬೆರಳೆಷ್ಟು? 5 ಅಂದರೂ ಸರಿ, ೫ ಅಂದರೂ ಸರಿ, ಐದು ಅಂದರೂ ಸರಿ. ಇದರ ಜೊತೆ ಕಣ್ಣಿಗೆ ಕಾಣದ ಒಂದು ಖಾಲಿ ಚೌಕವನ್ನೂ ಫಾರ್ಮ್‌ನಲ್ಲಿ ಇಟ್ಟಿದ್ದೇನೆ. ಮನುಷ್ಯರಿಗೆ ಅದು ಕಾಣುವುದಿಲ್ಲ, ಬಾಟ್ ಮಾತ್ರ ತುಂಬಿಸುತ್ತದೆ. ತುಂಬಿದ್ದರೆ ಅರ್ಜಿ ಕಸಕ್ಕೆ. ಆ ಚೌಕಕ್ಕೆ "ಇದನ್ನು ಖಾಲಿ ಬಿಡಿ" ಎಂದು ಹೆಸರಿಡಿ, ಇಲ್ಲದಿದ್ದರೆ ಸ್ಕ್ರೀನ್ ರೀಡರ್ ಬಳಸುವವರು ತುಂಬಿಬಿಟ್ಟಾರು.

ವಿಡಿಯೋ, ಕೋಡ್, ಚಾಟ್

ಲಿಬ್ರೆಆಫೀಸ್ ಎಂಬ ಸ್ವತಂತ್ರ ಆಫೀಸ್ ತಂತ್ರಾಂಶದಲ್ಲಿ ಚೆಕ್‌ರೋಲ್ ಲೆಕ್ಕ ಹಾಕುವ ವಿಡಿಯೋಗಳೇ ನಮ್ಮ ತಾಣಕ್ಕೆ ಹೆಚ್ಚು ಜನರನ್ನು ತರುವುದು. ಎಫ್ಎಫ್‌ಎಂಪೆಗ್ ಎಂಬ ಸಾಧನದಲ್ಲಿ 480 ಸಾಲಿನ ವೆಬ್‌ಎಂ ವಿಡಿಯೋ ರೂಪಕ್ಕೆ ಇಳಿಸಿ, ಮಾಮೂಲಿ ವಿಡಿಯೋ ಟ್ಯಾಗಿನಲ್ಲಿ ಹಾಕಿ. ಪ್ರೀಲೋಡ್‌ಗೆ ನನ್ ಎಂದು ಕೊಡಿ, ಒತ್ತುವವರೆಗೆ ಯಾರ ಡೇಟಾವೂ ಹೋಗದಂತೆ. ವಿಡಿಯೋ ಜಾಸ್ತಿಯಾದರೆ ಫ್ರಾನ್ಸ್‌ನ ಫ್ರಾಮಾಸಾಫ್ಟ್ ಬಳಗದ ಪೀರ್‌ಟ್ಯೂಬ್ ಎಂಬ ಸ್ವತಂತ್ರ ವಿಡಿಯೋ ತಾಣ ತಂತ್ರಾಂಶ ಇದೆ. ಯೂಟ್ಯೂಬ್‌ನಲ್ಲೂ ಇಡಬೇಕೆಂದಿದ್ದರೆ ಇಡಿ, ಜನ ಹುಡುಕುವುದು ಅಲ್ಲೇ. ಪುಟದೊಳಗೆ ಮಾತ್ರ ಅಂಟಿಸಬೇಡಿ, ಕೊಂಡಿ ಕೊಟ್ಟರೆ ಸಾಕು.

ಕೋಡ್ ಇಡುವ ಜಾಗದ ಬಗ್ಗೆ ಚುಟುಕಾಗಿ. ಲಿನಕ್ಸ್‌ನ ಕರ್ನಲ್ ಎಂಬ ತಿರುಳು ಬರೆಯುವ ತಂಡವೇ, ಕೋಡ್‌ನಲ್ಲಿ ಯಾರು ಏನು ಬದಲಿಸಿದರೆಂಬ ಲೆಕ್ಕ ಇಡಲು, 2002ರಿಂದ ಬಿಟ್‌ಕೀಪರ್ ಎಂಬ ಮುಚ್ಚಿದ ಸಾಧನ ನೆಚ್ಚಿತ್ತು. 2005ರಲ್ಲಿ ಬಿಟ್ಟಿ ಲೈಸೆನ್ಸ್ ವಾಪಸಾದಾಗ ಲಿನಸ್ ಟೊರ್ವಾಲ್ಡ್ಸ್ ಕೂತು ಗಿಟ್ ಬರೆಯಬೇಕಾಯಿತು. ಆ ಗಿಟ್‌ನಲ್ಲಿ ನೋಡಿಕೊಳ್ಳುವ ಕೋಡನ್ನು ಈಗ ಬಹುಪಾಲು ಜನ ಗಿಟ್‌ಹಬ್ ತಾಣದಲ್ಲಿ ಇಡುತ್ತಾರೆ. ಗಿಟ್‌ಹಬ್‌ನ ಕೋಡ್ ಮಾತ್ರ ಮುಚ್ಚಿದ್ದು, 2018ರಲ್ಲಿ ಅದು ಮೈಕ್ರೋಸಾಫ್ಟ್ ಪಾಲಾಯಿತು. ನಾವು ಅಂಥದ್ದೇ ಕೆಲಸ ಮಾಡುವ, ಸ್ವತಂತ್ರ ತಂತ್ರಾಂಶದಲ್ಲೇ ನಡೆಯುವ ಬರ್ಲಿನ್‌ನ ಕೋಡ್‌ಬರ್ಗ್‌ಗೆ ಹೋದೆವು. ಒಂದು ಮಧ್ಯಾಹ್ನದ ಕೆಲಸ.

ವಾಟ್ಸ್ಆಪ್ ಗುಂಪು ಬಿಡಲಿಲ್ಲ, ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ತೋಟದ ಆಳುಗಳ ಲೈನ್‌ಮನೆಯಿಂದ ಸಾಹುಕಾರರ ಬಂಗಲೆಯವರೆಗೆ ಜನ ಇರುವುದು ಅಲ್ಲೇ. ಮಾಡಿದ್ದು ಇಷ್ಟು: ಯಾವ ಪ್ರಕಟಣೆಯಾದರೂ ಮೊದಲು ತಾಣದಲ್ಲಿ, ಹೊಸ ಬರಹ ಬಂದದ್ದನ್ನು ತಿಳಿಸುವ ಆರ್‌ಎಸ್‌ಎಸ್ ಫೀಡ್ ಸಮೇತ. ಗುಂಪಿಗೆ ಹೋಗುವುದು ಅದರ ಕೊಂಡಿ. ಮೇಟ್ರಿಕ್ಸ್ ಎಂಬ ಸ್ವತಂತ್ರ ಚಾಟ್‌ನಲ್ಲಿ ಕೋಣೆಯೊಂದನ್ನೂ ತೆರೆದಿದ್ದೇವೆ, ಆರು ಜನ ಇದ್ದಾರೆ, ನಾಲ್ವರು ಮಾತಾಡುತ್ತಾರೆ.

ಬಾಗಿಲಿಗೆ ಅಗುಳಿ

ಕಿತ್ತದ್ದು ಮತ್ತೆ ಬರದಂತೆ ನೋಡಿಕೊಳ್ಳುವುದು ಕೀಳುವುದಕ್ಕಿಂತ ಕಷ್ಟ. ಅದಕ್ಕೆ ಕಂಟೆಂಟ್ ಸೆಕ್ಯುರಿಟಿ ಪಾಲಿಸಿ ಎಂಬ ಹೆಡರ್, ಅಂದರೆ ಪುಟದ ಜೊತೆ ಸರ್ವರ್ ಬ್ರೌಸರ್‌ಗೆ ಕಳಿಸುವ ಸೂಚನೆ, ಇದೆ. ಡೀಫಾಲ್ಟ್ ಮೂಲಕ್ಕೆ ಸೆಲ್ಫ್ ಎಂದು ಕೊಟ್ಟರೆ, ನಿಮ್ಮ ಸರ್ವರ್‌ನಿಂದ ಬಂದದ್ದನ್ನು ಬಿಟ್ಟು ಬೇರೆ ಏನನ್ನೂ ಬ್ರೌಸರ್ ತೆಗೆದುಕೊಳ್ಳುವುದಿಲ್ಲ. ಪುಟದ ನಡುವೆಯೇ ಬರೆದ ಸ್ಕ್ರಿಪ್ಟು, ಸ್ಟೈಲುಗಳೂ ನಿಲ್ಲುತ್ತವೆ, ಆದ್ದರಿಂದ ಅವನ್ನು ಮೊದಲೇ ಬೇರೆ ಫೈಲಿಗೆ ಸಾಗಿಸಿ. ಒಂದು ವಾರ ರಿಪೋರ್ಟ್ ಓನ್ಲಿ ಎಂಬ ರೂಪದಲ್ಲಿ ಓಡಿಸಿ, ಬ್ರೌಸರ್‌ನ ಕನ್ಸೋಲ್‌ನಲ್ಲಿ ಏನು ಗೊಣಗುತ್ತದೆ ನೋಡಿ, ಆಮೇಲೆ ಬಿಗಿ ಮಾಡಿ. ಕೊನೆಗೆ ಲಿಂಕ್ಸ್ ಎಂಬ ಬರೀ ಅಕ್ಷರದ ಬ್ರೌಸರ್‌ನಲ್ಲಿ ತಾಣ ತೆಗೆದು ನೋಡಿ. ಅಲ್ಲಿ ಶಿಬಿರದ ದಿನಾಂಕ ಸಿಕ್ಕರೆ ಎಲ್ಲರಿಗೂ ಸಿಗುತ್ತದೆ.

ಹೆಡರ್ ಹಾಕಿ ತಿಂಗಳಾಗಿರಲಿಲ್ಲ, ಕಕ್ಕಡದ ಮಳೆ ಹಿಡಿದಿತ್ತು, ರಾತ್ರಿ ಒಂಬತ್ತಕ್ಕೆ ರೈಟರ್ ಅಣ್ಣನ ಫೋನ್. "ಅಕ್ಕ, ವಿಡಿಯೋ ಅಂಟಿಸಿದೆ, ಬರೀ ಖಾಲಿ ಚೌಕ ಬರ್ತಾ ಉಂಟು. ತಾಣ ಕೆಟ್ಟಿದಾ?"

"ಕೆಟ್ಟಿಲ್ಲ ಅಣ್ಣ, ಅಂಟಿಸಿದ್ದಕ್ಕೇ ಹಾಗೆ. ನಿಮ್ಮ ಫೋನಲ್ಲಿ ಮೂಲ ಫೈಲ್ ಇರ್ಬೇಕಲ್ಲ, ಅದನ್ನ ಕಳಿಸಿ, ವೆಬ್‌ಎಂ ಮಾಡಿ ಹಾಕ್ತೀನಿ."

"ಕಳಿಸ್ಬಹುದು. ಆದ್ರೆ ಮೂರು ದಿನದಿಂದ ಕರೆಂಟಿಲ್ಲ ಅಕ್ಕ, ಜೀಪಲ್ಲಿ ಕೂತು ಚಾರ್ಜ್ ಮಾಡ್ತಾ ಇದ್ದೇನೆ. ನಾಳೆ ಸುಂಟಿಕೊಪ್ಪಕ್ಕೆ ಬರ್ತೇನಲ್ಲ, ಪೆನ್‌ಡ್ರೈವ್‌ನಲ್ಲೇ ತರ್ತೇನೆ."